ನಿನ್ನ ಗುಟ್ಟು ಕೇಳಿದರು

ಮಾರ್ಲೀ,

ಇದನ್ನು ಕಳಿಸುವ ಧೈರ್ಯ ನನಗಿಲ್ಲ. ಆದರೂ ಇವತ್ತು ನಡೆದದ್ದನ್ನು ನಿನಗಲ್ಲದೆ ಯಾರಿಗೆ ಹೇಳಲಿ?

ಫೆಬ್ರವರಿಯಲ್ಲಿ ಸಾಫ್ಟ್‌ಬಾಲ್ ಸೀಸನ್ ಶುರು. ಹೋದ ವರ್ಷ ನೀನೂ ನಾನೂ ಸೇರಿ ಗೆದ್ದ ಕಪ್ ಇನ್ನೂ ನಮ್ಮ ಕಾಲೇಜಿನಲ್ಲೇ ಇದೆ. ಈ ಸಲ ಮೊದಲ ಪಂದ್ಯವೇ ನೀನು ಹೋಗಿ ಸೇರಿದ ಅಲಬಾಮಾದ ಕಾಲೇಜಿನ ಮೇಲೆ. ಬೆಳಿಗ್ಗೆ ಅಭ್ಯಾಸಕ್ಕೆ ಮುಂಚೆ ಕೋಚ್ ಬರ್ಡೆಟ್ ಎಲ್ಲರೆದುರು ಕೇಳಿದರು: "ಟೆಸ್, ಇಷ್ಟು ವರ್ಷ ಮಾರ್ಲಿಯ ಎಸೆತ ಹಿಡಿದವಳು ನೀನು. ಅವಳ ಗುಟ್ಟೇನು, ಹೇಳಮ್ಮ."

ನಾನು ಬಗ್ಗಿ ಶೂ ಲೇಸು ಬಿಗಿದುಕೊಂಡೆ.

"ಗೆಳತಿ ಅಂತ ಬಚ್ಚಿಡಬೇಡ ಕಣೇ. ಬಿಟ್ಟು ಹೋಗೋವಾಗ ಅವಳು ನಿನ್ನ ಒಂದು ಮಾತು ಕೇಳಿದ್ಲಾ?" ಎಂದು ಬ್ಯಾಟು ಒರೆಸುತ್ತಿದ್ದ ಕೊರಿನ್ ಚುಚ್ಚಿದಳು.

ಹೇಳಿಬಿಟ್ಟೆ. ಚೆಂಡು ಮೇಲಕ್ಕೇಳುವಂತೆ ಎಸೆಯುವ ಮೊದಲು ನಿನ್ನ ಗ್ಲೌಸು ಅಗಲವಾಗುತ್ತದೆ, ನಿಧಾನದ ಎಸೆತಕ್ಕೆ ಮುನ್ನ ತುಟಿ ಕಚ್ಚುತ್ತೀಯ ಎಂದೆ. ಹುಡುಗಿಯರು ನಿನ್ನನ್ನು ಅಣಕಿಸುತ್ತಾ ಎಸೆದರು, ಬೀಸಿ ಹೊಡೆದರು, ನಕ್ಕರು. ನಾನೂ ನಕ್ಕೆ.

"ಇನ್ನೇನಾದ್ರೂ ಇದೆಯಾ?" ಕೋಚ್ ಕೇಳಿದರು.

"ಇಲ್ಲ" ಎಂದೆ.

ಹೆದರಿದಾಗ ನೀನು ನನ್ನ ಮುಖ ನೋಡುತ್ತೀಯ ಎಂಬುದನ್ನು ಮಾತ್ರ ಹೇಳಲಾಗಲಿಲ್ಲ. ಪಂದ್ಯದ ದಿನ ನಾನು ಬ್ಯಾಟು ಹಿಡಿದು ನಿನ್ನೆದುರಿಗೇ ನಿಂತಿರುತ್ತೇನೆ. ನನ್ನ ಕಡೆ ನೋಡಬೇಡ ಕಣೇ.

ಟೆಸ್