ಚಾಲೂ ಇದ್ದ ಇಂಜಿನ್ನಿಗೆ ಜೀವಾವಧಿ

ಮಾನ್ಯ ಜಿಲ್ಲಾ ಸರ್ಕಾರಿ ವಕೀಲರೇ,

ಗುಂಡು ಹೊಡೆದ ವೇಯ್ನ್ ಹಾಸ್ಕಿನ್ಸ್ ಹತ್ತು ವರ್ಷಕ್ಕೆ ಹೊರಬಂದು ನಮ್ಮೂರಿನ ಟೈರ್ ಅಂಗಡಿಯಲ್ಲಿದ್ದಾನೆ. ಹೊರಗೆ ಕಾರಿನಲ್ಲಿ ಕೂತಿದ್ದ ಡೆರಿಲ್ ಪ್ರೂಯಿಟ್ ಸಾಯುವವರೆಗೂ ಜೈಲಿನಲ್ಲಿರಬೇಕು. ಕೊಂದವನಿಗೆ ಕೆಲಸ, ಕೂತವನಿಗೆ ಕತ್ತಲು. ಪ್ರಾಸ ಕೂಡಿತು, ನ್ಯಾಯ ಕೂಡಲಿಲ್ಲ. ಶಿಕ್ಷೆ ಇಳಿಸಬೇಕೆಂಬ ಡೆರಿಲ್‌ನ ಅರ್ಜಿ ಮಂಗಳವಾರ ವಿಚಾರಣೆಗೆ ಬರುತ್ತಿದೆ. ತಾವು ಅದನ್ನು ವಿರೋಧಿಸುತ್ತೀರೆಂದು ಪತ್ರಿಕೆಯಲ್ಲಿ ಓದಿದೆ.

ನಾನು ಸ್ಕೂಲ್ ಬಸ್ ಓಡಿಸುವವಳು. ಹನ್ನೊಂದು ವರ್ಷದ ಹಿಂದೆ ಆ ಮೊಕದ್ದಮೆಯಲ್ಲಿ ತೀರ್ಪು ಹೇಳಿದ ನಾಗರಿಕರ ಜ್ಯೂರಿಯಲ್ಲಿ ಏಳನೆಯ ಕುರ್ಚಿ ನನ್ನದು. ಪೆಟ್ರೋಲ್ ಬಂಕಿನಲ್ಲಿ ಕಾಫಿ ಮಾರುತ್ತಿದ್ದ ಲೊರೆಟಾ ಬೀಮ್ ಸತ್ತದ್ದು ಗಲ್ಲಾ ದೋಚಲು ನುಗ್ಗಿದ ವೇಯ್ನ್‌ನ ಗುಂಡಿಗೆ ಎನ್ನುವುದರಲ್ಲಿ ಯಾರಿಗೂ ತಕರಾರಿರಲಿಲ್ಲ. ಆದರೂ ತಾವು ಮೊದಲು ಚೌಕಾಸಿಗೆ ಕರೆದದ್ದು ಡೆರಿಲ್‌ನನ್ನು: ತಪ್ಪೊಪ್ಪಿಕೋ, ಎಂಟು ವರ್ಷ. ಮಾಡದ್ದನ್ನು ಒಪ್ಪಲಾರೆ, ಜ್ಯೂರಿಗೆ ಅರ್ಥವಾಗುತ್ತದೆ ಎಂದನಂತೆ. ನಮ್ಮನ್ನು ನಂಬಿದ್ದೇ ಅವನ ತಪ್ಪು. ಆಗ ವೇಯ್ನ್ ಮುಂದೆ ಬಂದ. ಅವನ ಬಳಿ ಸರಕಿತ್ತು, 'ಇಬ್ಬರೂ ಸೇರಿ ಯೋಚಿಸಿದೆವು' ಎಂಬ ಒಂದು ಸಾಲು. ದರೋಡೆಗೆ ಜೊತೆಯಾದವನೂ ಕೊಲೆಗಾರನೇ ಎನ್ನುವ ಕಾನೂನಿಗೆ ಅಷ್ಟು ಸಾಕು. ಆ ಸಾಲಿನ ಬೆಲೆಯಾಗಿ ಅವನಿಗೆ ಹನ್ನೆರಡೇ ವರ್ಷ, ಒಳ್ಳೆಯ ನಡತೆಗೆ ಎರಡು ಕಡಿತ. ಏನೂ ಗೊತ್ತಿಲ್ಲದವನ ಬಳಿ ಮಾರಲು ಏನಿರುತ್ತದೆ, ಮಾನ್ಯರೇ?

ಕಾರಿನ ಇಂಜಿನ್ ಚಾಲೂ ಇತ್ತು, ಆದ್ದರಿಂದ ಡೆರಿಲ್ ಪರಾರಿಗೆ ತಯಾರಿದ್ದ ಎಂದು ವಾದಿಸಿದಿರಿ. ಅದು ಮೈ ಮರಗಟ್ಟುವ ಚಳಿಯ ಜನವರಿ. ಜನವರಿಯಲ್ಲಿ ಇಂಜಿನ್ ನಿಲ್ಲಿಸಿ, ಹೀಟರ್ ಆರಿಸಿ ಕಾಯುವ ಶೂರರು ನಮ್ಮೂರಲ್ಲಿ ಎಷ್ಟಿದ್ದಾರೆ? ನಾನೇ ದಿನವೂ ಹಾಗೆ ಕಾಯುತ್ತೇನೆ. ಜ್ಯೂರಿ ಕೋಣೆಯಲ್ಲಿ ಇದನ್ನು ಹೇಳಲು ಬಾಯಿ ತೆರೆದೆ. ಪಕ್ಕದ ಮುದುಕ, "ಬಿಡಮ್ಮಾ, ಶುಕ್ರವಾರ ಸಾಯಂಕಾಲ ಆಗೋಯ್ತು. ಅವ್ನೇನು ನಿನ್ ತಮ್ಮನಾ?" ಎಂದ. ಶಿಕ್ಷೆ ಎಷ್ಟಾದೀತೆಂದು ನ್ಯಾಯಾಧೀಶರಿಗೆ ಚೀಟಿ ಕಳಿಸಿದೆವು. ಅದು ನಿಮಗೆ ಸಂಬಂಧಿಸಿದ್ದಲ್ಲ ಎಂಬ ಉತ್ತರ ಬಂತು. ಅಪರಾಧಿ ಎನ್ನುವವರ ಜೊತೆ ನಾನೂ ಕೈ ಎತ್ತಿದೆ.

ಹೋದ ವಾರ ನನ್ನ ಕಾರಿನ ಟೈರ್ ಬದಲಿಸಲು ಹೋದರೆ, ಸ್ಪ್ಯಾನರ್ ಹಿಡಿದು ಬಂದವನು ವೇಯ್ನ್.

"ಏಳನೇ ಕುರ್ಚಿ ಅಲ್ವಾ ಮೇಡಂ? ನಿಮ್ಮ ಮುಖ ಮರೀತೀನಾ? ಎರಡು ದಿನ ನಿಮ್ಮನ್ನೇ ನೋಡ್ಕೊಂಡು ಸಾಕ್ಷಿ ಹೇಳಿದ್ದು."

ಡೆರಿಲ್‌ಗೆ ನಿಜವಾಗಿಯೂ ಗೊತ್ತಿತ್ತೇ ಎಂದು ಕೇಳಿದೆ.

"ಪಾಪ, ಅವನಿಗೇನ್ ಗೊತ್ತು. ಸಿಗರೇಟು ತರ್ತೀನಿ ಅಂತ ಹೇಳಿ ಇಳಿದಿದ್ದೆ."

"ಮತ್ತೆ ಕೋರ್ಟಲ್ಲಿ ಯಾಕೆ ಹೇಳ್ಲಿಲ್ಲ?"

"ಅದನ್ನ ಕೊಳ್ಳೋರು ಯಾರಿದ್ರು?" ನಗುತ್ತಲೇ ನಟ್ಟು ಬಿಗಿದ. "ನಾನು ಹೇಳ್ದೆ ಅಂತ ಯಾರ ಹತ್ರಾನೂ ಹೇಳೋಕೆ ಹೋಗ್ಬೇಡಿ. ಮಿಲ್ ರಸ್ತೇಲಿ ಬಸ್ ಓಡಿಸ್ತೀರಲ್ಲ, ಬೆಳಿಗ್ಗೆ ಏಳೂಕಾಲಿಗೆ? ದಿನಾ ನೋಡ್ತೀನಿ. ಮಕ್ಕಳು ತುಂಬಾ ಮುದ್ದಾಗಿದಾರೆ."

ಅಲ್ಲಿಂದ ನೇರ ತಮ್ಮ ಕಚೇರಿಗೆ ಬಂದೆ. ಕಿಟಕಿಯಾಚೆಯ ಹುಡುಗಿ, "ಜ್ಯೂರಿ ಕೆಲಸ ಮುಗೀತಲ್ಲ ಮೇಡಂ, ಮನೆಗೆ ಹೋಗಿ ಆರಾಮಾಗಿರಿ" ಎಂದಳು. ನಾನು ಬರೆದುಕೊಟ್ಟ ಹಾಳೆಯನ್ನು ಮುಟ್ಟಲೂ ಇಲ್ಲ. ಅದಕ್ಕೇ ಇದನ್ನು ಊರಿಗೆಲ್ಲ ಕೇಳುವಂತೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಮಂಗಳವಾರ ವೇಯ್ನ್‌ನನ್ನು ಕರೆಸಿ, ಪ್ರಮಾಣ ಮಾಡಿಸಿ, ಸಿಗರೇಟಿನ ಮಾತನ್ನು ಕೇಳಿ. ಡೆರಿಲ್‌ನ ಅರ್ಜಿಗೆ ವಿರೋಧ ಹಿಂತೆಗೆದುಕೊಳ್ಳಿ. ನಾನೂ ಸಾಕ್ಷಿ ಹೇಳಲು ಬರುತ್ತೇನೆ, ಮಕ್ಕಳನ್ನು ಶಾಲೆಯಲ್ಲಿ ಇಳಿಸಿ, ಮಿಲ್ ರಸ್ತೆಯಲ್ಲೇ, ಬೇರೆ ರಸ್ತೆಯಿಲ್ಲ. ಒಂದು ವೇಳೆ ನಾನು ಬಾರದೇ ಹೋದರೆ, ಏಕೆಂದು ತಿಳಿಯಲು ತಾವು ಯಾರೊಡನೆಯೂ ಚೌಕಾಸಿಗೆ ಕೂರಬೇಡಿ. ಈ ಪತ್ರವನ್ನು ಓದಿಕೊಂಡರೆ ಸಾಕು.

ಇಂತಿ,
ಬಾಯಿ ತೆರೆಯಲು ಹನ್ನೊಂದು ವರ್ಷ ತೆಗೆದುಕೊಂಡ,
ಏಳನೆಯ ಕುರ್ಚಿಯವಳು