ನಕ್ಷತ್ರಮೀನಿನ ತತ್ತಿಯಲ್ಲಿ ಕಂಡದ್ದು

ರತ್ನಾಗಿರಿ, ಸೋಮವಾರ

ವೈನಿ, ದಿಗ್ಗೇವಾಡಿಯ ಮನೆಯಲ್ಲಿ ಎಲ್ಲರಿಗೂ ನಮಸ್ಕಾರ. ನಿಮ್ಮ ಮಗಳು ಸ್ನೇಹಲಳನ್ನು ಕರೆತರಲು ಬಂದ ನಾನು ಕಕ್ಕಾಬಿಕ್ಕಿಯಾಗಿದ್ದೇನೆ. ಅವಳ ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದ ಕೆಳಗೆ ನಕ್ಷತ್ರಮೀನಿನ ತತ್ತಿಯೊಂದು ಎರಡಾಗುತ್ತಿತ್ತು. ನಡುವಿನಲ್ಲಿ ದಾರ ಬಿಗಿದಂತೆ ತಗ್ಗು ಬೀಳತೊಡಗಿತ್ತು. ಇವಳು ಗಾಜಿನ ಸೂಜಿಯಿಂದ ಒಳಗಿನ ಕದಿರನ್ನು, ಅಂದರೆ ವರ್ಣತಂತುಗಳನ್ನು ಎರಡು ಪಾಲು ಮಾಡುವ ಎಳೆಗಳ ಕಟ್ಟನ್ನು, ಒಂದು ಬದಿಗೆ ತಳ್ಳಿದಳು. ಬಿದ್ದ ತಗ್ಗು ಅಳಿಸಿಹೋಯಿತು! ಕದಿರು ಸರಿದಲ್ಲಿ ಹೊಸ ತಗ್ಗು ಬಿದ್ದು ತತ್ತಿ ಅಲ್ಲೇ ಎರಡಾಯಿತು. ನಮ್ಮ ರಟ್ಟೆಯ ಸ್ನಾಯುವಿನಲ್ಲಿರುವಂಥ ಎಳೆಗಳೇ ತಗ್ಗಿನ ಸುತ್ತ ಉಂಗುರವಾಗಿ ಬಿಗಿಯುತ್ತವಂತೆ.

"ಬಾಯಿ ಮುಚ್ಚರಿ ಕಾಕಾ, ನೊಣ ಹೊಕ್ಕೀತು," ಎಂದು ನಕ್ಕಳು.

"ಗೆರಿ ಅಲ್ಲೇ ಯಾಕ ಬೀಳತೈತ್ರಿ?" ಎಂದು ೧೯೭೮ರಲ್ಲಿ ಶಾಲೆಯಲ್ಲಿ ಜೀವಕೋಶ ಎರಡಾಗುವ ಚಿತ್ರ ನೋಡಿ ನಾನು ಕೇಳಿದ್ದಕ್ಕೆ ಮಾಸ್ತರರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರು. ಅದು ಇಂದಿಗೂ ಪೂರ್ತಿ ಬಗೆಹರಿಯದ ಪ್ರಶ್ನೆಯಂತೆ, ಇವಳ ಪಿಎಚ್‌ಡಿ ಅದರ ಮೇಲೆಯೇ! ಅದನ್ನು ಅರ್ಧಕ್ಕೆ ಬಿಡಿಸಿ, ಮದುವೆಯಾದ ಮೇಲೆ ಓದು ಬೇಡ ಎನ್ನುವ ಹಾರೂಗೇರಿಯ ಗಂಡಿನವರ ಮುಂದೆ ಅವಲಕ್ಕಿ ತಟ್ಟೆ ಕೊಟ್ಟು ನಿಲ್ಲಿಸುವುದೇ? ಇಂಥ ಕೆಲಸಕ್ಕೆ ನಾನು ಒಪ್ಪಿ ಬಂದದ್ದಾದರೂ ಹೇಗೆ?

ಬಿ.ಪಿ. ಗುಳಿಗೆ ತಪ್ಪಿಸಿಲ್ಲ. ಮೀನಿನ ವಾಸನೆಗೆ ಊಟ ಮಾತ್ರ ಸೇರುತ್ತಿಲ್ಲ. ಫೋನಿನಲ್ಲಿ ಅಣ್ಣ ನನ್ನ ಮಾತು ಮುಗಿಸಲು ಬಿಡುವುದಿಲ್ಲ, ಅದಕ್ಕೇ ಈ ಕಾರ್ಡು. ನೀವೇ ಜೋರಾಗಿ ಓದಿ ಹೇಳಿ. ಹಾರೂಗೇರಿಯವರಿಗೆ ಬರಬೇಡಿ ಎಂದು ನಾನೇ ತಿಳಿಸಿಬಿಟ್ಟಿದ್ದೇನೆ. ಶುಕ್ರವಾರದ ಬಸ್ಸಿಗೆ ಒಬ್ಬನೇ ಬರುತ್ತೇನೆ.

ನಿಮ್ಮ ಮೈದುನ,
ಬಾಬಾಸಾಹೇಬ