ಕೆಂಪು ರಟ್ಟಿನ ಪ್ರಬಂಧ

ಬುಧವಾರ, ೧೪ ಮಾರ್ಚ್

ಪ್ರೀತಿಯ ಅಪ್ಪನಿಗೆ,

ನಿಮ್ಮ ಮೊಮ್ಮಗಳು ಈಗಷ್ಟೇ ಕಣ್ಣು ಮುಚ್ಚಿದ್ದಾಳೆ. ಅರ್ಧ ಗಂಟೆ ಸಿಕ್ಕರೆ ನನ್ನ ಪುಣ್ಯ. ನೆಟ್ಟಗೆ ನಿದ್ದೆ ಮಾಡಿ ಮೂರು ತಿಂಗಳಾಯಿತು, ಅಕ್ಷರ ಸೊಟ್ಟಗಿದ್ದರೆ ಬೈಯಬೇಡಿ. ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಎರಡು ಸಾಲಿಗೊಮ್ಮೆ ಎದ್ದು ನೋಡಿ ಬರುತ್ತಿದ್ದೇನೆ.

ಭಾನುವಾರ ನೀವು ಊಟ ಅರ್ಧಕ್ಕೆ ಬಿಟ್ಟು ಎದ್ದಿರಿ. ಹೊಟ್ಟೆ ಸರಿಯಿಲ್ಲ ಎಂದದ್ದು ಸುಳ್ಳು, ಗೊತ್ತು. ಮಗಳ ಕಾಲೇಜಿಗೆ ಈಗಿನಿಂದಲೇ ಏನಾದರೂ ಕೂಡಿಡೋಣ ಎಂದು ನಿಮ್ಮ ಅಳಿಯ ಅಂದದ್ದಷ್ಟೇ. ನಾನು ಸೌಟು ಕುಕ್ಕಿ, "ಬೆಳೆದ ಮಕ್ಕಳನ್ನ ಅಪ್ಪ ಅಮ್ಮ ಯಾಕೆ ಓದಿಸ್ಬೇಕು? ಓದೋ ಹಸಿವಿದ್ರೆ ಅವಳೇ ದಾರಿ ನೋಡ್ಕೋತಾಳೆ" ಅಂದುಬಿಟ್ಟೆ. "ಒಳ್ಳೇದಾಯ್ತು ಬಿಡು, ಬೈಂಡಿಂಗ್ ಅಂಗಡೀಲಿ ಅಂಟು ಕಲಸೋಕೆ ಒಬ್ಬಳು ಸಿಕ್ಕಿದ್ಲು" ಎಂದು ನೀವು ನಕ್ಕಿರಿ. ಜೊತೆಗೆ ಬಂದಿದ್ದ ಅಕ್ಕ ನಗಲಿಲ್ಲ.

ಆ ಮಾತು ನಾನು ನನಗೇ ಆಡಿಕೊಂಡದ್ದು, ಅಪ್ಪ. ಬಂದು ಬಿದ್ದದ್ದು ನಿಮ್ಮ ತಟ್ಟೆಗೆ.

ಸ್ನಾತಕೋತ್ತರ ಪದವಿ ಮುಗಿದಾಗಲೇ ನಾನು ಕೆಲಸಕ್ಕೆ ಸೇರಬಹುದಿತ್ತು. ಸಂಶೋಧನೆ ಮಾಡುತ್ತೇನೆಂದೆ, ನೀವು ಮರುಮಾತಿಲ್ಲದೆ ಒಪ್ಪಿದಿರಿ. ಅದೇ ವರ್ಷ ಅಕ್ಕ ನರ್ಸಿಂಗ್ ಅರ್ಜಿ ತಂದಿದ್ದಳು. "ಚಿಕ್ಕವಳದ್ದು ಮುಗೀಲಿ, ಆಮೇಲೆ ನಿಂದು" ಎಂದು ಅದನ್ನು ಅಂಟಿನ ಡಬ್ಬಿಯ ಕೆಳಗಿಟ್ಟಿರಿ. ಅವಳು ಎಡಗೈಯಲ್ಲಿ ಸೂಜಿ ಹಿಡಿದು ಕಂಡವರ ಪುಸ್ತಕ ಹೊಲಿಯಲು ಕೂತಳು. "ನಿನ್ನ ಗಂಟೂ ನಿನ್ನ ಹಾಗೇ ಉಲ್ಟಾ" ಎಂದು ನೀವು ಅವಳನ್ನು ರೇಗಿಸುತ್ತಿದ್ದಿರಿ. ಇವತ್ತಿಗೂ ಅಲ್ಲೇ ಕೂತಿದ್ದಾಳೆ.

ನನ್ನದು ಮುಗಿಯಲೇ ಇಲ್ಲ, ಅಪ್ಪ.

ಮೂರನೇ ಅಧ್ಯಾಯಕ್ಕೆ ನಿಂತುಹೋಯಿತು. ಮಾರ್ಗದರ್ಶಕರು ಎರಡು ಸಲ ತಿದ್ದಲು ಹಿಂದಿರುಗಿಸಿದರು, ಮೂರನೇ ಸಲ ನಾನು ಅವರ ಬಾಗಿಲಿಗೇ ಹೋಗಲಿಲ್ಲ. ಆಮೇಲೆ ಎರಡು ವರ್ಷ ನೀವು ಶುಲ್ಕವೆಂದು ಕಳಿಸಿದ್ದರಲ್ಲಿ ಬಾಡಿಗೆ ಕಟ್ಟಿ, ಹಗಲೆಲ್ಲ ಗ್ರಂಥಾಲಯದ ಮೆಟ್ಟಿಲ ಮೇಲೆ ಕೂತೆ. ಕೊನೆಗೊಂದು ದಿನ ಮುಗಿಯಿತು ಅಂದೆ. "ಮನೆಗೊಂದು ಪ್ರತಿ ನಾನೇ ಬೈಂಡ್ ಮಾಡ್ಬೇಕು" ಎಂದು ನೀವು ಹಟ ಹಿಡಿದಿರಿ. ಬರೆದಿದ್ದ ಮೂರು ಅಧ್ಯಾಯಗಳನ್ನೇ ಮತ್ತೆ ಮತ್ತೆ ಜೆರಾಕ್ಸ್ ಮಾಡಿಸಿ, ದಪ್ಪ ಕಟ್ಟು ಕಟ್ಟಿ ಕೊಟ್ಟೆ. ಇಂಗ್ಲಿಷ್ ನಿಮಗೆ ಓದಲು ಬಾರದು ಎಂಬ ಧೈರ್ಯ. ನೀವು ಕೆಂಪು ರಟ್ಟು ಹಾಕಿ, ನನ್ನ ಹೆಸರನ್ನು ಬಂಗಾರದ ಅಕ್ಷರದಲ್ಲಿ ಒತ್ತಿ ಕಳಿಸಿದಿರಿ. ನಾನದನ್ನು ಒಮ್ಮೆಯೂ ತೆರೆಯಲಿಲ್ಲ.

ಎಲ್ಲಿಗೆ ಬಂತು ಓದು ಎಂದು ಒಂದು ಸಲ ಗದರಿದ್ದರೆ ಹೇಳಿಬಿಡುತ್ತಿದ್ದೆನೇನೋ. ನೋಡಿ, ತಪ್ಪನ್ನು ಮತ್ತೆ ನಿಮ್ಮ ತಲೆಗೇ ಕಟ್ಟುತ್ತಿದ್ದೇನೆ.

ನಿನ್ನೆ ಆ ನರ್ಸಿಂಗ್ ಶಾಲೆಗೆ ಫೋನ್ ಮಾಡಿ ವಿಚಾರಿಸಿದೆ. ಸೇರಲು ವಯಸ್ಸಿನ ಮಿತಿ ಇದೆಯಂತೆ. ನಾನು ಮೆಟ್ಟಿಲ ಮೇಲೆ ಕೂತಿದ್ದ ಆ ಎರಡು ವರ್ಷಗಳಲ್ಲೇ ಅಕ್ಕ ಅದನ್ನು ದಾಟಿದ್ದಾಳೆ.

ಬೆಳೆದ ಮಕ್ಕಳನ್ನು ಓದಿಸಬೇಕೋ ಬೇಡವೋ ನನಗಿನ್ನೂ ಗೊತ್ತಿಲ್ಲ. ಇವಳ ಮುಖ ನೋಡಿದರೆ, ಕೇಳಿದ್ದೆಲ್ಲ ಕೊಟ್ಟೇ ಕೊಡುತ್ತೇನೆ ಅನ್ನಿಸಿ ಭಯವಾಗುತ್ತದೆ. ಈ ಪತ್ರವನ್ನು ಅಕ್ಕನ ಕೈಗೂ ಕೊಡಿ. ಆಮೇಲೂ ಮನಸ್ಸಿದ್ದರೆ ಭಾನುವಾರ ಇಬ್ಬರೂ ಬನ್ನಿ. ಊಟ ಮುಗಿಸಿಯೇ ಏಳಿ.

ನಿಮ್ಮ
ಚಿಕ್ಕಿ

ತಾ.ಕ.: ಪತ್ರ ಮಡಿಸುವ ಮೊದಲು ಆ ಪುಸ್ತಕವನ್ನು ಕಪಾಟಿನಿಂದ ಇಳಿಸಿ ತೆರೆದೆ. ಮೂರು ಅಧ್ಯಾಯಗಳೂ ಒಂದೊಂದೇ ಸಲ ಇವೆ. ಅಲ್ಲಿಂದಾಚೆ ಕೊನೆಯವರೆಗೂ ಒಳ್ಳೆಯ ಬಿಳಿ ಹಾಳೆ, ಖಾಲಿ. ಪುಟದ ಅಂಕಿ ನೋಡಿ ಹಾಳೆ ಜೋಡಿಸುವವರಿಗೆ ಇಂಗ್ಲಿಷ್ ಯಾಕೆ ಬೇಕು ಎಂದು ನನಗೆ ಹೊಳೆಯಲೇ ಇಲ್ಲ. ಮುಂದಿನದನ್ನು ಬರೆಯಲೆಂದು ಜಾಗ ಬಿಟ್ಟು, ಇಷ್ಟು ವರ್ಷ ಸುಮ್ಮನಿದ್ದಿರಿ. ಹೊಲಿಗೆಯನ್ನೂ ನೋಡಿದೆ, ಅಪ್ಪ. ಗಂಟು ಉಲ್ಟಾ ಇದೆ.